ನೀರಿನ ಟ್ಯಾಂಕಿಗೆ ಕಟ್ಟಿದ ಬಾಳೆಕಂದು

ಕುವೆಂಪುನಗರದಾಚೆಯ ಆ ಬಡಾವಣೆಯಲ್ಲಿ ಸಿದ್ದಲಿಂಗಸ್ವಾಮಿಯ ಮುಖ ನೋಡದವರು ಇರಬಹುದು, ಅವನ ಗಂಟಲು ಕೇಳದವರಿರಲಿಲ್ಲ. ಯಾರ ಮನೆಯ ಸಂಪು ತುಂಬಿ ಬೀದಿಗೆ ಹರಿದರೂ ಸರಿ, ಸೈಕಲ್ಲು ನಿಲ್ಲಿಸಿ ಗೇಟಿನ ಹೊರಗಿನಿಂದಲೇ ಶುರುಮಾಡುತ್ತಿದ್ದ. "ರೀ ಯಾರ್ರೀ ಮನೇಲಿ? ಬೀದಿಗೆ ಸ್ನಾನ ಮಾಡ್ಸಕ್ಕೆ ನೀರು ಬಿಟ್ಟಿದೀನಾ ನಾನು?" ಒಳಗಿನವರು ಬಂದು ನಲ್ಲಿ ನಿಲ್ಲಿಸಿದ ಮೇಲೂ ಅವನ ಮಾತು ನಿಲ್ಲುತ್ತಿರಲಿಲ್ಲ. ತಿರುವಿನವರೆಗೂ ಬೈದುಕೊಂಡೇ ಹೋಗುತ್ತಿದ್ದ. ಹಾಗಂತ ಜನ ಅವನನ್ನು ಬಿಟ್ಟುಕೊಟ್ಟಿರಲಿಲ್ಲ. ಬಾಯಿ ಕೆಟ್ಟದ್ದು, ನೀರು ಮಾತ್ರ ತಪ್ಪಿಸಿದವನಲ್ಲ ಎನ್ನುತ್ತಿದ್ದರು.

ಅವನ ಊರು ನಂಜನಗೂಡಿನ ಕಡೆ. ಮಠದ ಪ್ರಸಾದನಿಲಯದಲ್ಲಿ ಉಂಡು ಆರನೆಯ ತರಗತಿಯವರೆಗೆ ಓದಿದ್ದ. ಅಲ್ಲಿ ಲೆಕ್ಕದ ಮೇಷ್ಟ್ರ ಜೊತೆ ಜಗಳವಾಡಿ, ಸ್ಲೇಟು ಅವರ ಮೇಜಿನ ಮೇಲೇ ಇಟ್ಟು ಎದ್ದು ಬಂದವನು ಮೈಸೂರಿನಲ್ಲಿ ಮೋಟಾರಿಗೆ ಕಾಯಿಲ್ ಸುತ್ತುವ ಅಂಗಡಿ ಸೇರಿದ. ಆ ಬಡಾವಣೆಯಲ್ಲಿ ಬೆರಳಲ್ಲಿ ಎಣಿಸುವಷ್ಟು ಮನೆ ಎದ್ದಿದ್ದಾಗ, ತೊಂಬತ್ತೊಂದರಲ್ಲೋ ತೊಂಬತ್ತೆರಡರಲ್ಲೋ, ನಿವಾಸಿಗಳ ಸಂಘದವರು ಪಂಪ್‌ಹೌಸ್ ನೋಡಿಕೊಳ್ಳಲು ಅವನನ್ನು ಕರೆದರು. ಪಂಪ್‌ಹೌಸಿಗೆ ಅಂಟಿದ ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ನಾಲ್ಕು ಮಾರು ಜಾಗ. ಹೆಂಡತಿ ಗಿರಿಜಾಂಬ ಆ ಜಾಗದಲ್ಲಿ ಪತ್ರೆ ಗಿಡ ನೆಟ್ಟಳು. ಅದು ಮರವಾಯಿತು. ಅಲ್ಲಿಗೆ ಅವರ ಸಂಸಾರ ಬೇರು ಬಿಟ್ಟಿತು ಅಂತಲೇ ಲೆಕ್ಕ.

ಕೆಲಸ ಹೇಳುವುದಕ್ಕೆ ಸುಲಭ. ಪಂಪ್‌ಹೌಸು, ಬೋರ್‌ವೆಲ್ಲು ಎರಡೂ ತಗ್ಗಿನಲ್ಲಿ. ಕಂಬಗಳ ಮೇಲೆ ಕೂತ ಟ್ಯಾಂಕು ಒಂದು ಕಿಲೋಮೀಟರಿನಷ್ಟು ದೂರದ ದಿಬ್ಬದಲ್ಲಿ. ನೀರು ಎಷ್ಟಿದೆಯೋ ಮೇಲೆ ಹತ್ತಿ ನೋಡಬೇಕು, ಕೆಳಗೆ ಬಂದು ಮೋಟಾರು ಹಾಕಬೇಕು, ತುಂಬಿತೋ ಇಲ್ಲವೋ ಮತ್ತೆ ಹೋಗಿ ಹತ್ತಿ ನೋಡಬೇಕು. ಹೀಗೆ ದಿನಕ್ಕೆ ಅದೆಷ್ಟು ಸಲವೋ. ಸೈಕಲ್ಲು ತುಳಿದು, ಕಬ್ಬಿಣದ ಏಣಿ ಹತ್ತಿ ಇಳಿದು ಹತ್ತು ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಅವನ ಬಲಮೊಣಕಾಲು ಮಾತು ಕೇಳದ ಹಾಗಾಯಿತು. ಹತ್ತುವಾಗ ನೋವು. ಒಮ್ಮೊಮ್ಮೆ ಮಡಿಸಿದ ಕಾಲು ಮಡಿಸಿದ ಹಾಗೇ ಹಿಡಿದುಕೊಂಡುಬಿಡುತ್ತಿತ್ತು. ಡಾಕ್ಟರು ಏಣಿ ಹತ್ತಬೇಡ ಅಂದರು. ಸಿದ್ದಲಿಂಗಸ್ವಾಮಿ ಆ ಡಾಕ್ಟರಿಗೂ ಬೈದು ಬಂದ.

ವಿಷಯ ಗೊತ್ತಿದ್ದದ್ದು ಗಿರಿಜಾಂಬನಿಗೆ ಮಾತ್ರ. ಸಂಘದ ಕಾರ್ಯದರ್ಶಿ ವೆಂಕಟಸುಬ್ಬಯ್ಯನವರ ಕಿವಿಗೆ ಬಿದ್ದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲದಕ್ಕೂ ನಿಯಮ ತೆಗೆಯುವವರು. ಗುತ್ತಿಗೆಯವನೊಬ್ಬ ಗಟ್ಟಿ ಕಾಲಿನ ಹುಡುಗರನ್ನು ಕೊಡುತ್ತೇನೆ ಅಂತ ಅವರ ಹಿಂದೆ ಸುತ್ತುತ್ತಿದ್ದದ್ದೂ ಸಿದ್ದಲಿಂಗಸ್ವಾಮಿಗೆ ಗೊತ್ತಿತ್ತು. ಅದಕ್ಕೇ ಕುಂಟು ಕಾಣಬಾರದೆಂದು ಸೈಕಲ್ಲಿನಿಂದ ಇಳಿಯದೆಯೇ ಮಾತಾಡುವ ಅಭ್ಯಾಸ ಮಾಡಿಕೊಂಡ.

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ ಮೂರನೆಯ ಕ್ರಾಸಿನ ಅಕ್ಷತಾ ಸಂಘಕ್ಕೆ ಬಂದು ಒಂದು ಮಾತು ಕೇಳಿದಳು. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ. ಟ್ಯಾಂಕಿನ ಹತ್ತಿರ ಒಂದು ಡಬ್ಬಿ ಇಡುತ್ತೇನೆ, ಅದು ನೀರಿನ ಮಟ್ಟ ಅಳೆದು ತಂತಿಯಿಲ್ಲದೆ ಪಂಪ್‌ಹೌಸಿಗೆ ತಿಳಿಸುತ್ತದೆ, ನನ್ನ ಪ್ರಾಜೆಕ್ಟಿಗೂ ಆಯಿತು, ನಿಮಗೂ ಆಯಿತು ಅಂದಳು. ಸಿದ್ದಲಿಂಗಸ್ವಾಮಿ ಎಗರಾಡುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನು "ಮಾಡ್ಲಿ ಬುಡಿ ಸಾರ್, ಹುಡುಗಿ ಆಸೆಪಡ್ತದೆ" ಅಂದುಬಿಟ್ಟ. ವೆಂಕಟಸುಬ್ಬಯ್ಯ ಕನ್ನಡಕ ತೆಗೆದು ಅವನ ಮುಖ ನೋಡಿದರು.

ಟ್ಯಾಂಕಿನ ಬುಡದಲ್ಲಿ ಒಂದು ಕಬ್ಬಿಣದ ಕಂಬ ನೆಟ್ಟರು. ಅದರ ಎದೆಮಟ್ಟದಲ್ಲಿ ಡಬ್ಬಿ, ಡಬ್ಬಿಯ ಮೇಲೆ ಅಂಗೈಯಗಲದ ಸೋಲಾರ್ ಪ್ಲೇಟು, ಕಂಬದ ತುದಿಗೆ ಕಡ್ಡಿಯಂಥ ಆಂಟೆನಾ. ಟ್ಯಾಂಕಿನೊಳಗೆ ತೇಲುವ ಬುರುಡೆಯಿಂದ ಒಂದು ವೈರು ಇಳಿದು ಬಂದು ಡಬ್ಬಿ ಸೇರುತ್ತಿತ್ತು. ಪಂಪ್‌ಹೌಸಿನ ಗೋಡೆಗೆ ಹಲಗೆಯೊಂದನ್ನು ಹಾಕಿ ನಾಲ್ಕು ದೀಪ ಕೂರಿಸಿದಳು: ಖಾಲಿ, ಅರ್ಧ, ಮುಕ್ಕಾಲು, ಭರ್ತಿ. ಖಾಲಿ ದೀಪ ಹತ್ತಿದರೆ ಜೊತೆಗೆ ಗಂಟೆ ಹೊಡೆಯುತ್ತಿತ್ತು. ದೀಪಗಳ ಕೆಳಗೆ ಒಂದು ಬಟನ್ನು. ಒತ್ತಿದರೆ ಡಬ್ಬಿ ಆಗಿಂದಾಗಲೇ ಉತ್ತರ ಕೊಡಬೇಕು.

"ಅಂಕಲ್, ಈ ಬಟನ್ನು ತೀರಾ ಬೇಕಾದಾಗ ಮಾತ್ರ," ಅಂದಳು ಅಕ್ಷತಾ. "ಡಬ್ಬಿ ಸುಮ್ ಸುಮ್ನೆ ಮಾತಾಡಲ್ಲ. ನೀರಿನ ಲೆಕ್ಕ ತಗೊಂಡು ಹತ್ರ ಇಟ್ಕೊಂಡಿರತ್ತೆ. ಗಾಳೀಲಿ ದಾರಿ ಚೆನ್ನಾಗಿರೋ ಹೊತ್ತು ನೋಡಿ, ಮೆಲ್ಲಗೆ, ನಿಧಾನವಾಗಿ ಕಳಿಸತ್ತೆ."

"ಗಾಳೀಲಿ ಎಂಥ ದಾರಿನಮ್ಮ?"

"ಪಂಪ್‌ಹೌಸಿಂದ ಒಂದು ಸಣ್ಣ ದನಿ ಆಗಾಗ ಹೊರಡತ್ತೆ. ಅದು ಡಬ್ಬಿಗೆ ಚೆನ್ನಾಗಿ ಕೇಳಿಸಿದ್ರೆ ದಾರಿ ಚೆನ್ನಾಗಿದೆ ಅಂತ. ಮಧ್ಯದಲ್ಲಿ ಲಾರಿ ನಿಂತಿದ್ರೆ, ಮಳೇಲಿ ಮರ ನೆಂದಿದ್ರೆ ಸರಿಯಾಗಿ ಕೇಳಿಸಲ್ಲ. ಆಗ ಕಾಯತ್ತೆ. ಅರ್ಧ ಗಂಟೆ ಕಾದ್ರೂ ದಾರಿ ಸಿಗಲಿಲ್ಲ ಅಂದ್ರೆ ಮಾತ್ರ ಜೋರಾಗಿ ಕೂಗತ್ತೆ."

"ಕಾಯೋದ್ಯಾಕೆ? ಮೊದಲೇ ಕೂಗಿ ಹೇಳಿದ್ರೆ ಕೆಲಸ ಮುಗೀತಲ್ಲ."

"ಬ್ಯಾಟರಿ ಮುಗಿಯತ್ತೆ ಅಂಕಲ್. ಜೋರಾಗಿ, ಅವಸರದಲ್ಲಿ ಕಳಿಸಿದಷ್ಟೂ ಕರೆಂಟು ಜಾಸ್ತಿ ಎಳೆಯತ್ತೆ. ಅದೇ ಮಾತನ್ನ ತಡೆದು, ನಿಧಾನವಾಗಿ ಹೇಳಿದ್ರೆ ಕಾಲು ಭಾಗವೂ ಬೇಡ. ನೀರೇನು ನಿಮಿಷದಲ್ಲಿ ಖಾಲಿ ಆಗಲ್ವಲ್ಲ, ಅರ್ಧ ಗಂಟೆ ತಡವಾದ್ರೆ ನಷ್ಟ ಇಲ್ಲ. ಹೀಗೆ ನಡೆದ್ರೆ ಬಿಸಿಲೇ ಇಲ್ಲದಿದ್ರೂ ಒಂದು ವಾರ ಬರತ್ತೆ."

"ಸರಿ, ಮೂಗು ಹಿಡ್ಕೊಂಡು ಕೂತಿರೋ ಡಬ್ಬಿ," ಅಂದ ಅವನು.

ಕಾಯುವುದು ಅವನ ಜಾಯಮಾನವೇ ಅಲ್ಲ. ಮೊದಲ ವಾರವೆಲ್ಲ ಹಲಗೆಯ ಮುಂದೆ ನಿಂತು ಬಟನ್ನು ಒತ್ತಿದ್ದೇ ಒತ್ತಿದ್ದು. "ಹೇಳ್ತೀಯೋ ಇಲ್ವೋ? ಏಯ್! ಕೇಳಿದ್ದಕ್ಕೆ ಹೇಳು!" ದೀಪ ಬದಲಾಗದಿದ್ದರೆ ಇನ್ನೆರಡು ಸಲ. ಬ್ಯಾಟರಿ ಬರಿದಾಯಿತು. ಅಕ್ಷತಾ ಬಂದು ನೋಡಿ, ಡಬ್ಬಿಯೊಳಗೆ ಉಳಿದಿದ್ದ ಲೆಕ್ಕ ತೆಗೆದು, "ಅಂಕಲ್, ಇದನ್ನ ನೀವು ಮಲಗಕ್ಕೇ ಬಿಟ್ಟಿಲ್ಲ" ಅಂತ ನಕ್ಕಳು. ಅವನು ನಗಲಿಲ್ಲ. ಅಂದು ಸಂಜೆ ಗಿರಿಜಾಂಬ ತನ್ನ ವಿಭೂತಿ ಡಬ್ಬಿಯ ಮುಚ್ಚಳವನ್ನು ಬಟನ್ನಿನ ಮೇಲೆ ಮೇಣ ಹಾಕಿ ಕೂರಿಸಿದಳು.

"ಏನೇ ಇದು?"

"ವಿಭೂತಿ ಮುಚ್ಚಳ ಕಣ್ರೀ. ಕಿತ್ತು ಬಿಸಾಕೋ ಧೈರ್ಯ ಇದ್ರೆ ಬಿಸಾಕಿ."

ಅವನು ಕೀಳಲಿಲ್ಲ. ಕೈ ಅಲ್ಲಿಯವರೆಗೆ ಹೋಗಿ ವಾಪಸು ಬರುತ್ತಿತ್ತು. ಆಮೇಲೆ ಎಲ್ಲ ಸರಿಹೋಯಿತು. ಖಾಲಿ ಗಂಟೆ ಹೊಡೆದರೆ ಅವನಿಲ್ಲದಿದ್ದರೂ ಗಿರಿಜಾಂಬ ಮೋಟಾರು ಹಾಕುವ ಹಸಿರು ಗುಂಡಿ ಒತ್ತುತ್ತಿದ್ದಳು; ಭರ್ತಿ ದೀಪ ಹತ್ತಿದರೆ ನಿಲ್ಲಿಸುವ ಕೆಂಪು ಗುಂಡಿ. ನಾಲ್ಕು ತಿಂಗಳು ಅವನು ಏಣಿ ಮುಟ್ಟಲಿಲ್ಲ. ಮೊಣಕಾಲಿನ ಊತ ಇಳಿಯಿತು. ಆ ಡಬ್ಬಿಯ ಮೇಲೆ ಅವನಿಗೆ ಭಕ್ತಿ ಹುಟ್ಟಿದ್ದು ಆಗಲೇ.

ಭಕ್ತಿ ಹುಟ್ಟಿದ ಮೇಲೆ ಆಯುಧಪೂಜೆಯ ದಿನ ಸುಮ್ಮನಿರಲು ಆದೀತೆ? ಮೋಟಾರು, ಸ್ಟಾರ್ಟರು, ಸ್ಪ್ಯಾನರು, ಸೈಕಲ್ಲು ಎಲ್ಲವನ್ನೂ ತೊಳೆದು ಪೂಜೆ ಮುಗಿಸಿ, ಗಂಡ ಹೆಂಡತಿ ದಿಬ್ಬಕ್ಕೆ ಬಂದರು. ವೆಂಕಟಸುಬ್ಬಯ್ಯನವರು ತಮ್ಮ ಹಿತ್ತಲಿನಿಂದಲೇ ಎರಡು ಬಾಳೆಕಂದು ಕಡಿಸಿ ತರಿಸಿದ್ದರು. ಪೇಟೆಯಲ್ಲಿ ಸಿಗುವ ಬಡಕಲು ಕಂದಲ್ಲ, ತೊಡೆ ಗಾತ್ರದವು, ಕಡಿದ ಬುಡದಲ್ಲಿ ನೀರು ಜಿನುಗುತ್ತಿತ್ತು. "ಸಂಘದ ಮೊದಲನೇ ಎಲೆಕ್ಟ್ರಾನಿಕ್ ಯಂತ್ರ ಕಣ್ರೀ, ಬಿಗಿಯಾಗಿ ಕಟ್ಟಿ," ಅಂದರು. ಸಿದ್ದಲಿಂಗಸ್ವಾಮಿ ಕಂಬಕ್ಕೆ ಆ ಕಡೆಯೊಂದು ಈ ಕಡೆಯೊಂದು ಒತ್ತಿ ನಿಲ್ಲಿಸಿ ಸುತ್ತಲೂ ಹಗ್ಗ ಬಿಗಿದ. ಎಲೆಗಳು ಮೇಲಕ್ಕೆ ಚಾಚಿ ಆಂಟೆನಾವನ್ನು ಒಳಗೆ ಹಾಕಿಕೊಂಡವು. ಗಿರಿಜಾಂಬ ಸೋಲಾರ್ ಪ್ಲೇಟಿನ ತುಂಬ ಮೂರು ಬೆರಳು ವಿಭೂತಿ ಎಳೆದು, ಮೇಲೆ ಚೆಂಡುಹೂವಿನ ಹಾರ ಇಳಿಬಿಟ್ಟಳು. ಬೂದುಗುಂಬಳ ಒಡೆದರು. ಎಲ್ಲರಿಗೂ ಕಡಲೆಪುರಿ ಹಂಚಿದರು. ಅಕ್ಷತಾ ಅಲ್ಲಿರಲಿಲ್ಲ, ಗೊಂಬೆ ಕೂರಿಸಿದ್ದ ಅಜ್ಜಿಯ ಮನೆಗೆ, ಯಾದವಗಿರಿಗೆ ಹೋಗಿದ್ದಳು.

ಅಂದು ಸಂಜೆ ಪಂಪ್‌ಹೌಸಿನಲ್ಲಿ ಮುಕ್ಕಾಲು ದೀಪ ಉರಿಯುತ್ತಿತ್ತು. ಮಾರನೆಯ ದಿನ ವಿಜಯದಶಮಿ. ದಿನವೆಲ್ಲ ಅದೇ ಮುಕ್ಕಾಲು. ಅದರ ಮಾರನೆಯ ಬೆಳಿಗ್ಗೆಯೂ ಮುಕ್ಕಾಲೇ. ದೇವರು ಒಲಿದಿದ್ದಾನೆ, ಹಬ್ಬದಲ್ಲೂ ನೀರು ಕಡಮೆಯಾಗಿಲ್ಲ ಅಂತ ಸಿದ್ದಲಿಂಗಸ್ವಾಮಿ ಕಾಫಿ ಕುಡಿಯುತ್ತಿದ್ದ. ಅಷ್ಟರಲ್ಲಿ, ಕಾರ್ಯದರ್ಶಿಗಳು ಟ್ಯಾಂಕಿನ ಹತ್ತಿರ ಕರೆಯುತ್ತಿದ್ದಾರೆ ಅಂತ ಯಾರೋ ಬಂದು ಕೂಗಿ ಹೋದರು.

ಹೋಗಿ ನೋಡಿದರೆ ದಿಬ್ಬದ ಕೆಳಗಿನ ಬೀದಿಯಲ್ಲಿ ನೀರು ಮಾರುವ ಮಹದೇವುವಿನ ಟ್ಯಾಂಕರು ನಿಂತಿದೆ. ಅದರ ಮೋಟಾರು ಗುಡುಗುತ್ತ ಯಾರದೋ ಸಂಪಿಗೆ ನೀರು ತುಂಬಿಸುತ್ತಿದೆ. ವೆಂಕಟಸುಬ್ಬಯ್ಯನವರು ಪಂಚೆ ಎತ್ತಿಕಟ್ಟಿ, ಸ್ಕೂಟರಿನ ಪಕ್ಕ ನಿಂತಿದ್ದಾರೆ. ಫೋನು ಮಾಡಿ ಕರೆಸಿದ್ದರಿಂದ ಅಕ್ಷತಾ ಕೂಡ ತನ್ನ ಗಾಡಿಯಲ್ಲಿ ಬಂದು ಡಬ್ಬಿಯ ಬಾಗಿಲು ತೆರೆಯುತ್ತಿದ್ದಾಳೆ.

"ಏನ್ರೀ ಸಿದ್ದಲಿಂಗಸ್ವಾಮಿ! ಮನೆ ತುಂಬ ನೆಂಟರು, ಹಲ್ಲುಜ್ಜಕ್ಕೆ ನೀರಿಲ್ಲ!"

"ಟ್ಯಾಂಕಲ್ಲಿ ಮುಕ್ಕಾಲು ನೀರದೆ ಸಾರ್. ಈಗ ತಾನೆ ದೀಪ ನೋಡ್ಕೊಂಡು ಬಂದೆ. ನಿಮ್ಮ ನಲ್ಲೀಲಿ ಕಸ ಕಟ್ಕೊಂಡಿರ್ಬೇಕು."

"ಎಲ್ಲರ ಮನೆ ನಲ್ಲೀಲೂ ಒಟ್ಟಿಗೆ ಕಸ ಕಟ್ಕೊಳ್ತೇನ್ರೀ? ಹತ್ತಿ ನೋಡಿದೀರಾ?"

"ಹತ್ತೋದ್ಯಾಕೆ? ದೀಪ ಹೇಳ್ತಾ ಅದಲ್ಲ!"

"ಹತ್ತಿ ನೋಡ್ರೀ ಅಂದ್ರೆ ವಾದ ಮಾಡ್ತೀರಲ್ಲ. ಹತ್ತಕ್ಕೆ ಆಗಲ್ವೋ?"

ಆ ಕೊನೆಯ ಮಾತು ಅವರು ಸುಮ್ಮನೆ ಅಂದದ್ದು. ಸಿದ್ದಲಿಂಗಸ್ವಾಮಿಗೆ ಮಾತ್ರ ಅದು ಮೊಣಕಾಲಿಗೇ ಬಂದು ತಾಗಿತು. "ಯಾರಿಗೆ ಆಗಲ್ಲ? ನೋಡ್ತಾ ಇರಿ!" ಅಂದವನೇ ಸೈಕಲ್ಲು ಬಿಸಾಕಿ ಏಣಿಗೆ ಕೈಹಾಕಿದ. ಸಿಟ್ಟಿನಲ್ಲಿ ಮುಕ್ಕಾಲು ಏಣಿ ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಮಿಕ್ಕ ಕಾಲು ಭಾಗ ಕೈಬಲದಿಂದ ಎಳೆದುಕೊಂಡು ಹೋದ. ಮೇಲೆ ಮುಚ್ಚಳ ಎತ್ತಿ ಇಣುಕಿದರೆ ತಳ ಕಾಣುತ್ತಿದೆ. ಒಂದು ಮೂಲೆಯಲ್ಲಿ ಅಂಗೈಯಷ್ಟು ಕೆಸರು. ತೇಲಬೇಕಾದ ಬುರುಡೆ ಮಗ್ಗುಲಾಗಿ ಬಿದ್ದುಕೊಂಡಿದೆ.

"ನೀರಿಲ್ಲ!" ಅಂತ ಕೂಗಿದ. ಟ್ಯಾಂಕರಿನ ಗುಡುಗಿಗೆ ಕೆಳಗಿನವರಿಗೆ ಕೇಳಿಸಲಿಲ್ಲ. ವೆಂಕಟಸುಬ್ಬಯ್ಯ ಕಿವಿಗೆ ಕೈಯಿಟ್ಟು "ಏನು?" ಎಂದು ಸನ್ನೆ ಮಾಡಿದರು. ಇನ್ನೂ ಜೋರಾಗಿ ಕೂಗಿದ. ಇಲ್ಲ. ಕತ್ತಿನ ನರವೆಲ್ಲ ಉಬ್ಬಿ ಕೂಗುತ್ತಿದ್ದಾಗಲೇ ಮಹದೇವು ಮೋಟಾರು ನಿಲ್ಲಿಸಿದ. ಆ ನಿಶ್ಶಬ್ದದೊಳಗೆ ಸಿದ್ದಲಿಂಗಸ್ವಾಮಿಯ "ನೀರಿಲ್ಲಾ" ಇಡೀ ಬಡಾವಣೆಗೆ ಕೇಳಿಸಿತು. ಹಿತ್ತಲಲ್ಲಿದ್ದ ಹೆಂಗಸರೆಲ್ಲ ಮೇಲೆ ನೋಡಿದರು.

"ಅದನ್ನೇ ತಾನೆ ನಾನೂ ಹೇಳಿದ್ದು!" ಅಂದರು ವೆಂಕಟಸುಬ್ಬಯ್ಯ. "ಇಳಿದು ಬಂದು ಮೋಟಾರು ಹಾಕಿ."

ಇಳಿಯಲು ಕಾಲು ಮಡಿಸಿದ. ಮಡಿಸಿದ ಕಾಲು ಹಿಡಿದುಕೊಂಡಿತು. ನೀಡಿದರೆ ಬಾರದು, ಊರಿದರೆ ಜೀವ ಹೋಗುವ ನೋವು. ಟ್ಯಾಂಕಿನ ತಲೆಯ ಮೇಲೆ, ಕಟಕಟೆ ಹಿಡಿದು ಹಾಗೇ ಕುಸಿದು ಕೂತ.

"ಯಾಕ್ರೀ ಕೂತ್ರಿ?"

ಸುಳ್ಳು ಹೇಳಬಹುದಿತ್ತು. ಏನು ಹೇಳಿದರೂ ಇಳಿಯಬೇಕಲ್ಲ. "ಮಂಡಿ ಹಿಡ್ಕೊಂಡದೆ ಸಾರ್."

"ಯಾವಾಗಿಂದ?"

"ಹೋದ ವರ್ಷದಿಂದ."

ವೆಂಕಟಸುಬ್ಬಯ್ಯನವರ ಮುಖ ಗಂಟಾಯಿತು. "ಹೋದ ವರ್ಷದಿಂದ ಸಂಘಕ್ಕೆ ಹೇಳದೆ ಮುಚ್ಚಿಟ್ಟಿದೀರಾ? ಹತ್ತಲಾರದವರನ್ನ ಇಟ್ಕೊಂಡು ನಾನೇನ್ರೀ ಮಾಡ್ಲಿ? ಮೀಟಿಂಗಲ್ಲಿ ಏನಂತ ಹೇಳ್ಲಿ? ಡಬ್ಬಿ ನೋಡಿದ್ರೆ ಸುಳ್ಳು ಹೇಳತ್ತೆ, ಮನುಷ್ಯ ನೋಡಿದ್ರೆ ಹೀಗೆ! ಎರಡನ್ನೂ ಬದಲಾಯ್ಸೋದೇ ಸರಿ." ಸ್ಕೂಟರಿನ ಕಡೆ ತಿರುಗಿದರು. "ಮೊದ್ಲು ನಾನೇ ಹೋಗಿ ಮೋಟಾರು ಹಾಕಿಸ್ತೀನಿ."

"ಸುಳ್ಳು ಹೇಳಿಲ್ಲ ಅಂಕಲ್," ಅಂದಳು ಅಕ್ಷತಾ. ಅವಳ ಕೈಯಲ್ಲಿ ಮೀಟರು, ಹಣೆಯಲ್ಲಿ ಬೆವರು. "ಬ್ಯಾಟರಿ ಸತ್ತಿದೆ. ಡಬ್ಬಿ ಮಾತಾಡದಿದ್ರೆ ಅಲ್ಲಿ ಹಳೇ ದೀಪವೇ ಉರೀತಾ ಇರತ್ತೆ, ಅದು ನನ್ನ ತಪ್ಪು. ಆದ್ರೆ ಒಂದು ವಾರ ಬರಬೇಕಾದ ಬ್ಯಾಟರಿ ಹೇಗೆ ಸತ್ತಿತು? ಈಗ ಹೊಸದು ಹಾಕಿದೀನಿ. ಆದ್ರೂ ಪಂಪ್‌ಹೌಸಿನ ದನಿ ಇಲ್ಲಿಗೆ ಸರಿಯಾಗಿ ಕೇಳಿಸ್ತಾ ಇಲ್ಲ. ಒಳಗಿನ ಲೆಕ್ಕ ನೋಡಿದ್ರೆ ಆಯುಧಪೂಜೆ ಬೆಳಿಗ್ಗೆಯಿಂದ ಹೀಗೇ ಆಗಿದೆ. ಕಾದು ಕಾದು, ಪೂರ್ತಿ ಜೋರಾಗಿ ಕೂಗಿದೆ. ಉತ್ತರ ಬಂದಿಲ್ಲ. ಮತ್ತೆ ಕೂಗಿದೆ. ಉತ್ತರ ಬರೋವರೆಗೂ ಕೂಗು ಅಂತ ನಾನೇ ಬರೆದಿದ್ದೆ." ಮೇಲಕ್ಕೆ ನೋಡಿ ಕೇಳಿದಳು, "ಅಂಕಲ್, ಇದಕ್ಕೆ ಯಾರಾದ್ರೂ ಏನಾದ್ರೂ ಮಾಡಿದ್ರಾ?"

ಮನೆ ಹೋಗುವ ಮಾತು ಕಿವಿಯಲ್ಲಿರುವಾಗ ಈ ಪ್ರಶ್ನೆ. ಸಿದ್ದಲಿಂಗಸ್ವಾಮಿಗೆ ರೇಗಿಹೋಯಿತು. "ಏನ್ ಮಾಡ್ತೀವಮ್ಮ ಅದಕ್ಕೆ? ದೇವ್ರಂಗೆ ನೋಡ್ಕೊಂಡಿದೀವಿ! ಆ ಕಂದು ನೋಡು, ಮೂರು ದಿವ್ಸ ಆಗ್ತಾ ಬಂತು, ಒಂದೆಲೆ ಬಾಡಿಲ್ಲ. ಬೆರಳಲ್ಲಿ ಒತ್ತು, ಇನ್ನೂ ನೀರು ಸುರೀತದೆ. ಅಂಥಾ ಕಂದು ಹುಡುಕಿ ಕಟ್ಟಿದೀವಿ ನಿನ್ ಡಬ್ಬಿಗೆ!"

ಅಕ್ಷತಾ ಕಂದನ್ನು ಬೆರಳಲ್ಲಿ ಒತ್ತಿದಳು. ಒತ್ತಿದ ಕಡೆ ನೀರು ಬಂತು. ತಲೆಯೆತ್ತಿ ಎಲೆಗಳೊಳಗೆ ಆಂಟೆನಾ ಎಲ್ಲಿದೆ ಅಂತ ಹುಡುಕಿದಳು, ಕಾಣಲಿಲ್ಲ. ಪ್ಲೇಟಿನ ಮೇಲಿನ ಹಾರ ಸರಿಸಿದಳು, ಅಡಿಯಲ್ಲಿ ಬೆಳ್ಳಗೆ ವಿಭೂತಿ. ಹಾರ ಕೈಯಲ್ಲೇ ಹಿಡಿದು ಹೇಳಿದಳು:

"ನೀರಿನ ಗೋಡೆ ಕಟ್ಟಿದೀರಿ ಅಂಕಲ್. ಅದರ ದನಿಯನ್ನೆಲ್ಲ ಈ ಕಂದೇ ಕುಡಿದುಬಿಟ್ಟಿದೆ. ಬಿಸಿಲೂ ಬಿದ್ದಿಲ್ಲ. ಇವನ್ನ ಕಡೀಬೇಕು."

"ಕಡಿಯೋದಾ?" ವೆಂಕಟಸುಬ್ಬಯ್ಯ ಸ್ಕೂಟರು ಬಿಟ್ಟು ಬಂದರು. "ಪೂಜೆಗೆ ಕಟ್ಟಿದ ಕಂದು ಕಣಮ್ಮ, ತಾನಾಗೇ ಒಣಗೋವರೆಗೂ ಕತ್ತಿ ಮುಟ್ಟಿಸಬಾರದು. ಅಪಶಕುನ. ಅದೂ ನಮ್ಮ ಹಿತ್ತಲ ಕಂದು."

"ಒಣಗೋವರೆಗೂ ನೀರು ಬೇಡ್ವಾ ನಿಮಗೆ?"

ಅವರಿಬ್ಬರ ವಾದ ಶುರುವಾಯಿತು. ಅದೇ ಹೊತ್ತಿಗೆ ಮಹದೇವು ಪಕ್ಕದ ಮನೆಯ ಸಂಪಿಗೆ ಪೈಪು ಇಳಿಸಿ ಮತ್ತೆ ಮೋಟಾರು ಹಾಕಿದ. ಸಿದ್ದಲಿಂಗಸ್ವಾಮಿ ಬಾಯಿ ತೆರೆದ. ಗಂಟಲಿನಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಆಗಿನಿಂದ ಕೂಗಿ ಕೂಗಿ ಅದು ಕಟ್ಟಿಹೋಗಿತ್ತು. ಎರಡು ಸಲ ಕಟಕಟೆ ಗುದ್ದಿದ. ಯಾರೂ ನೋಡಲಿಲ್ಲ. ಇನ್ನೇನು ಮಾಡುವುದು? ಕೂತ. ಕಾಲು ಒತ್ತಿಕೊಳ್ಳುತ್ತ, ಕೆಳಗೆ ಕೈ ಆಡಿಸುತ್ತಿದ್ದ ಇಬ್ಬರನ್ನೂ ಬೀದಿಯ ಟ್ಯಾಂಕರನ್ನೂ ನೋಡುತ್ತ ಕೂತ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಅವನಿಗೆ ನೆನಪಿಲ್ಲ. ಸಂಪು ತುಂಬಿತು. ಮೋಟಾರು ನಿಂತಿತು. ವೆಂಕಟಸುಬ್ಬಯ್ಯನವರೂ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ಮಾತು ನಿಲ್ಲಿಸಿದರು.

"ಕಡಿಯಮ್ಮ," ಅಂದ ಸಿದ್ದಲಿಂಗಸ್ವಾಮಿ, ಉಳಿದಿದ್ದ ಚೂರು ದನಿಯಲ್ಲಿ. "ಪೂಜೆ ಮಾಡ್ದೋನು ನಾನು. ಪಾಪ ಬಂದ್ರೆ ನನಗೇ ಬರ್ಲಿ."

ಇಬ್ಬರೂ ಮೇಲೆ ನೋಡಿದರು. ಕಾರ್ಯದರ್ಶಿಗಳು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಅವನು ಮೆಲ್ಲಗೆ ಮಾತಾಡಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ಮಹದೇವು ಟ್ಯಾಂಕರಿನಿಂದ ಮಚ್ಚು ತಂದುಕೊಟ್ಟ. ಅಕ್ಷತಾ ಹಗ್ಗ ಕತ್ತರಿಸಿದಳು. ಕಂದುಗಳು ಒಂದೊಂದಾಗಿ ದಪ್ಪನೆ ನೆಲಕ್ಕೆ ಬಿದ್ದವು. ದುಪಟ್ಟಾದ ತುದಿಯಿಂದ ಪ್ಲೇಟು ಒರೆಸಿ, ಡಬ್ಬಿಯ ಮುಂದೆ ಕೂತು ಮೀಟರು ನೋಡಿದಳು. "ಈಗ ದಾರಿ ಚೆನ್ನಾಗಿದೆ. ಹೇಳತ್ತೆ."

"ಹೇಳತ್ತೋ ಇಲ್ವೋ, ನಾನು ಹೋಗಿ ಮೋಟಾರು ಹಾಕಿಸೋದೇ ವಾಸಿ," ಅಂತ ವೆಂಕಟಸುಬ್ಬಯ್ಯ ಸ್ಕೂಟರಿಗೆ ಕಿಕ್ ಹೊಡೆದರು. ಅದು ಹತ್ತಲಿಲ್ಲ. ಬಗ್ಗಿಸಿ ಮತ್ತೆ ಹೊಡೆದರು. ಹತ್ತಲಿಲ್ಲ.

ಮೊದಲು ತಿಳಿದದ್ದು ಮೇಲಿದ್ದವನಿಗೆ. ಕೂತ ಸಿಮೆಂಟು ತೊಡೆಯ ಕೆಳಗೆ ಸಣ್ಣಗೆ ನಡುಗಿತು. ಪೈಪಿನೊಳಗಿನ ಗಾಳಿ ಕೆಮ್ಮಿತು. ಆಮೇಲೆ ಬರಿದಾದ ಟ್ಯಾಂಕಿನ ತಳಕ್ಕೆ ನೀರು ಬಿದ್ದ ಸದ್ದು. ತಗ್ಗಿನ ಪಂಪ್‌ಹೌಸಿನಲ್ಲಿ ಖಾಲಿ ಗಂಟೆ ಹೊಡೆದಿತ್ತು. ಗಿರಿಜಾಂಬ ಅರೆಯುತ್ತಿದ್ದ ಚಟ್ನಿ ಬಿಟ್ಟು, ಕೈ ಒರೆಸಿಕೊಂಡು, ಹಸಿರು ಗುಂಡಿ ಒತ್ತಿದ್ದಳು. ಯಾರೂ ಹೋಗಿ ಹೇಳಿರಲಿಲ್ಲ.

"ನೀರು ಬಂತು ಸಾರ್," ಅಂದ ಸಿದ್ದಲಿಂಗಸ್ವಾಮಿ.

ವೆಂಕಟಸುಬ್ಬಯ್ಯನವರು ಕಾಲನ್ನು ಕಿಕ್ಕರಿನ ಮೇಲೇ ಇಟ್ಟುಕೊಂಡು ನಿಂತರು. ಪಂಪ್‌ಹೌಸಿನ ಕಡೆ ನೋಡಿದರು, ಡಬ್ಬಿಯ ಕಡೆ ನೋಡಿದರು, ನೆಲದಲ್ಲಿ ಬಿದ್ದಿದ್ದ ತಮ್ಮ ಹಿತ್ತಲ ಕಂದಿನ ಕಡೆಯೂ ನೋಡಿದರು. "ಯಾರ್ರೀ ಹಾಕಿದ್ದು ಮೋಟಾರು?"

"ನಮ್ಮನೆಯವ್ಳು."

ಅವನನ್ನು ಇಳಿಸುವುದೇ ದೊಡ್ಡ ಕೆಲಸವಾಯಿತು. ಮಹದೇವು ಏಣಿ ಹತ್ತಿ, ಅವನ ಸೊಂಟಕ್ಕೆ ಬಾಳೆ ಕಟ್ಟಿದ್ದ ಅದೇ ಹಗ್ಗ ಬಿಗಿದು, ಒಂದೊಂದೇ ಮೆಟ್ಟಿಲು ಇಳಿಸಿದ. "ಟ್ಯಾಂಕರ್ ಇಳಿಸೋದು ಇದಕ್ಕಿಂತ ವಾಸಿ ಕಣಪ್ಪ ಸ್ವಾಮಿ," ಅಂದ. ನೆಲ ಮುಟ್ಟಿದ ಮೇಲೆ ಸಿದ್ದಲಿಂಗಸ್ವಾಮಿ ವೆಂಕಟಸುಬ್ಬಯ್ಯನವರ ಮುಖವನ್ನೇ ನೋಡುತ್ತ ನಿಂತ. ಮನೆ, ಪತ್ರೆಮರ, ಎಲ್ಲ ಅವರ ಬಾಯಿಂದ ಬರುವ ಮಾತಿನಲ್ಲಿತ್ತು.

"ಮೀಟಿಂಗಲ್ಲಿ ಬಾಳೆಕಂದಿನ ವಿಷಯ ಎತ್ತೋದು ಬೇಡ," ಅಂದರು ಅವರು ಕೊನೆಗೆ, ಕನ್ನಡಕ ಒರೆಸಿಕೊಳ್ಳುತ್ತ. "ಮಂಡಿ ವಿಷಯವೂ ಬೇಡ. ಹತ್ತಕ್ಕೆ ಡಬ್ಬಿ ಇದೆಯಲ್ಲ. ಆದ್ರೆ ಇನ್ನೊಂದು ಸಲ ಆ ಏಣಿ ಹತ್ತಿದ್ರೆ ನಾನೇ ನಿಮ್ಮನ್ನ ತೆಗೆದುಹಾಕ್ತೀನಿ, ಗೊತ್ತಾಯ್ತಾ?"

ಅಕ್ಷತಾ ಡಬ್ಬಿಯ ಬಾಗಿಲು ಹಾಕುತ್ತಿದ್ದಳು. ಎರಡು ಸಲ ಕೂಗಿ ಉತ್ತರ ಬರದಿದ್ದರೆ ಸುಮ್ಮನೆ ಮಲಗಬೇಕು, ಪಂಪ್‌ಹೌಸಿಗೆ ಸುದ್ದಿ ಬಾರದೆ ಒಂದು ಗಂಟೆಯಾದರೆ ನಾಲ್ಕು ದೀಪವೂ ಆರಿಹೋಗಬೇಕು, ಹಾಗೆ ತಿದ್ದಿಕೊಡುತ್ತೇನೆ ಅಂದಳು.

"ಉತ್ತರ ಬರೋವರ್ಗೂ ಕೂಗ್ತಾ ಇತ್ತು ಅಂದ್ಯಲ್ಲಮ್ಮ," ಅಂದ ಸಿದ್ದಲಿಂಗಸ್ವಾಮಿ, ಮಂಡಿ ಉಜ್ಜಿಕೊಳ್ಳುತ್ತ. "ಅದೂ ನನ್ನಂಗೇ ಆಗೋಗಿತ್ತಲ್ಲ."

ಅವನ ಬಾಯಿ ಅದರಿಂದೇನೂ ಸರಿಹೋಗಲಿಲ್ಲ. ಗಂಟಲು ಬಂದ ಮೂರನೆಯ ದಿನವೇ ಒಂದು ಸಂಪಿನವರ ಜೊತೆ ಜಗಳವಾಯಿತು. ಮಾರನೆಯ ವರ್ಷದ ಆಯುಧಪೂಜೆಗೆ ವೆಂಕಟಸುಬ್ಬಯ್ಯನವರು ಮತ್ತೆ ಎರಡು ಕಂದು ಹೊರಿಸಿಕೊಂಡು ದಿಬ್ಬಕ್ಕೆ ಬಂದರು. ಈ ತಳಿಯ ಬಾಳೆ ಬೇರೆ, ನೀರು ಕಡಮೆ, ದೂರ ದೂರ ಕಟ್ಟಿದರೆ ಏನೂ ಆಗುವುದಿಲ್ಲ ಅಂತ ದೊಡ್ಡ ವಿವರಣೆ ಕೊಡತೊಡಗಿದರು. ಸಿದ್ದಲಿಂಗಸ್ವಾಮಿಯ ಕತ್ತಿನ ನರ ಉಬ್ಬಿತು. ಗಿರಿಜಾಂಬ ಕುಂಕುಮದ ಬಟ್ಟಲು ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನು ಕಾದ. ಅವರ ಮಾತೆಲ್ಲ ಮುಗಿಯಲು ಬಿಟ್ಟ.

"ಗೇಟಿಗೆ ಕಟ್ಟಣ ಸಾರ್," ಅಂದ.

ಕಂದನ್ನು ಡಬ್ಬಿಯ ಕಂಬದಿಂದ ದೂರ, ದಿಬ್ಬದ ಬೇಲಿಯ ಗೇಟಿಗೆ ಕಟ್ಟಿದರು. ಡಬ್ಬಿಯ ಬಾಗಿಲಿಗೆ ಒಂದು ಬೆರಳು ವಿಭೂತಿ ಇಟ್ಟರು, ಪ್ಲೇಟಿಗೆ ಏನೂ ಹಚ್ಚಲಿಲ್ಲ.